ಮೊದಲು ಬ್ಯಾಂಕ್, ಆಮೇಲೆ ಎಸ್‌ಎಸ್‌ಪಿ ಅರ್ಜಿ: ನನ್ನ ಅನುಭವ

ನಮ್ಮ ಸೈಬರ್ ಸೆಂಟರ್‌ಗೆ ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಬಂದವರನ್ನು "ಮೊದಲು ಸೀಡಿಂಗ್ ಸರಿ ಮಾಡಿಸ್ಕೊಂಡು ಬನ್ನಿ" (ಹಣ ಬರುವ ಬ್ಯಾಂಕನ್ನು ಆಧಾರ್‌ಗೆ ಜೋಡಿಸುವುದು) ಎಂದು ವಾಪಸ್ ಕಳಿಸಿದರೆ ಪಕ್ಕದ ಅಂಗಡಿಗೆ ಹೋಗ್ತಾರೆ ಅಂತ ಸೈಬರ್ ಸೆಂಟರ್ ಗೆಳೆಯರೆಲ್ಲ ಹೇಳಿದ್ದರು. ಹೋದವರೂ ಇದ್ದಾರೆ. ಆದರೆ ಈ ಕ್ರಮ ಹಿಡಿದ ಮೇಲೆ ನಮ್ಮಲ್ಲಿ ಹಾಕಿದ ಹೆಚ್ಚುಕಮ್ಮಿ ಇನ್ನೂರು ಪೋಸ್ಟ್ ಮೆಟ್ರಿಕ್ (ಎಸ್‌ಎಸ್‌ಎಲ್‌ಸಿ ನಂತರದ ಓದಿನ) ಅರ್ಜಿಗಳಲ್ಲಿ, ಮಂಜೂರಾಗಿಯೂ ದುಡ್ಡು ಬಾರದೆ ಉಳಿದದ್ದು ನಾಲ್ಕೈದು. ಮುಂಚೆ ಹತ್ತಕ್ಕೆ ಎರಡು ಹಾಗೆ ಸಿಕ್ಕಿಬೀಳುತ್ತಿತ್ತು. ವಿದ್ಯಾಸಿರಿಯ (ಹಾಸ್ಟೆಲ್ ಸಿಗದವರಿಗೆ ಸರ್ಕಾರ ಕೊಡುವ ಊಟ-ವಸತಿ ನೆರವು) ಹತ್ತು ತಿಂಗಳ ದುಡ್ಡು ವಾಪಸ್ ಹೋದರೆ ಮತ್ತೆ ತರಿಸುವಷ್ಟರಲ್ಲಿ ಇನ್ನೊಂದು ವರ್ಷದ ಫೀಸು ಎದುರಿಗೆ ನಿಂತಿರುತ್ತದೆ.

ಎಡವಟ್ಟು ಆಗುವುದು ಕೌಂಟರಿನಲ್ಲಿ. "ಆಧಾರ್ ಲಿಂಕ್ ಇದೆ" ಎಂದು ಬ್ಯಾಂಕಿನವರು ಹೇಳುವುದು ಖಾತೆಗೆ ನಂಬರ್ ಸೇರಿಸಿದ್ದನ್ನು. ಸ್ಕಾಲರ್‌ಶಿಪ್ ಹಣ ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಇಟ್ಟಿರುವ ಮ್ಯಾಪರ್ ಎಂಬ ಪಟ್ಟಿಯಲ್ಲಿ ಯಾವ ಬ್ಯಾಂಕ್ ಕೂತಿದೆಯೋ ಅಲ್ಲಿಗೆ. ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕ್, ಅದೂ ಕೊನೆಗೆ ಮ್ಯಾಪ್ ಆದದ್ದು. ಮೊಬೈಲ್ ಅಂಗಡಿಯಲ್ಲಿ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿ, ಗೊತ್ತಿಲ್ಲದೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದುಕೊಂಡವರ ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತದೆ. ಗ್ಯಾಸ್ ಸಬ್ಸಿಡಿಗೆ 2017ರಲ್ಲಿ ದೇಶದಾದ್ಯಂತ ಆದದ್ದೂ ಇದೇ.

ಹಾಗಾಗಿ ಮೊದಲು ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆಗೆಯುತ್ತೇನೆ. ಬ್ಯಾಂಕಿನ ಹೆಸರು, ಆ್ಯಕ್ಟಿವ್ ಹೌದೋ ಅಲ್ಲವೋ, ಕೊನೆಯ ಬಾರಿ ಬದಲಾದ ದಿನಾಂಕ, ಇಷ್ಟನ್ನು ಪ್ರಿಂಟ್ ಹಾಕಿ ಕೈಗೆ ಕೊಡುತ್ತೇನೆ. ಖಾತೆ ಸಂಖ್ಯೆ ಅಲ್ಲಿ ಬರುವುದಿಲ್ಲ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಶಾಖೆಯಲ್ಲೇ ಕೇಳಬೇಕು. ಎರಡು ವರ್ಷ ವಹಿವಾಟಿಲ್ಲದ ಖಾತೆ ಆಗಿದ್ದರೆ ಕೆವೈಸಿ ಕೊಟ್ಟು ಮೊದಲು ಜೀವ ತುಂಬಬೇಕು. ಬ್ಯಾಂಕ್ ಬದಲಿಸುವವರು ಸೀಡಿಂಗ್ ಫಾರ್ಮ್‌ನಲ್ಲಿ ಹೊಸ ಸೀಡಿಂಗ್‌ಗೆ ಟಿಕ್ ಹಾಕಬಾರದು, ಮೂವ್‌ಮೆಂಟ್‌ಗೆ ಹಾಕಿ ಹಳೆಯ ಬ್ಯಾಂಕಿನ ಹೆಸರು ಬರೆಯಬೇಕು. ಈ ಒಂದು ಗೆರೆ ಖಾಲಿ ಬಿಟ್ಟ ಫಾರ್ಮ್‌ಗಳು ಡ್ರಾಯರ್‌ನಲ್ಲೇ ಮಲಗುತ್ತವೆ.

ಪರೀಕ್ಷೆಗೆಂದು ಕೆಲವರನ್ನು ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿಗೂ ಕಳಿಸಿ ನೋಡಿದೆ. ಹೆಬ್ಬೆಟ್ಟಿನಲ್ಲೇ ಖಾತೆ, ಸೀಡಿಂಗ್ ಎರಡೂ ಮುಗಿದು ಎರಡು ಮೂರು ದಿನಕ್ಕೆ ಸ್ಟೇಟಸ್ ಬದಲಾಗುತ್ತಿತ್ತು. ಶಾಖೆಯ ಫಾರ್ಮ್‌ಗೆ ವಾರ, ಕೆಲವು ಕಡೆ ತಿಂಗಳು.

ಎರಡನೆಯ ಕಂಟಕ ಹೆಸರು ಹೊಂದದಿರುವುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಕೆ, ಆಧಾರ್‌ನಲ್ಲಿ ಕೆ ಮಂಜುನಾಥ್, ಜಾತಿ-ಆದಾಯ ಪತ್ರದಲ್ಲಿ ಇನ್ನೊಂದು. ಆಧಾರ್ ಹೆಸರು ತಿದ್ದಲು ಇರುವುದು ಎರಡೇ ಅವಕಾಶ. ಅದನ್ನು ಅಂಕಪಟ್ಟಿಗೆ ಹೊಂದಿಸಿ, ಆಮೇಲೆ ನಾಡಕಚೇರಿಯಲ್ಲಿ ಹೊಸ ಆರ್‌ಡಿ ನಂಬರ್ (ಜಾತಿ-ಆದಾಯ ಪತ್ರದ ಸಂಖ್ಯೆ) ತೆಗೆಸಿ. ತಿರುಗಾಮುರುಗಾ ಮಾಡಿದರೆ ಎರಡು ಸಲ ಖರ್ಚು. ಇವೆರಡೂ ಸರಿ ಇದ್ದರೆ ಕಾಲೇಜಿನ ಇ-ದೃಢೀಕರಣದ (ದಾಖಲೆಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸಿದ) ನಂಬರ್ ಕೈಯಲ್ಲಿಟ್ಟುಕೊಂಡು ಅರ್ಜಿ ಇಪ್ಪತ್ತು ನಿಮಿಷದ ಕೆಲಸ. ಸರ್ವರ್ ಯಾವ ಹೊತ್ತಿಗೆ ಹಗುರ ಅನ್ನುವುದು ನಮ್ಮ ಅಂಗಡಿಯ ಗುಟ್ಟು, ಹೇಳುವುದಿಲ್ಲ. ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿಗೆ ಮುಖ ತೋರಿಸಿ ಒಟಿಆರ್ (ಒಮ್ಮೆ ಮಾತ್ರ ಮಾಡುವ ನೋಂದಣಿ) ಮಾಡಬೇಕು. ಕನ್ನಡಕ ತೆಗೆಸಿ, ಟ್ಯೂಬ್‌ಲೈಟಿನ ಎದುರು ಕೂರಿಸಿ.

ಇನ್ನು ಮೋಸದ ಕರೆಗಳು. ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡಕ್ಕೂ ಅರ್ಜಿ ಶುಲ್ಕ ಇಲ್ಲ. ನಾನು ತಗೊಳ್ಳುವ ನೂರು ರೂಪಾಯಿ ನನ್ನ ಕೂಲಿ, ರಸೀದಿಯಲ್ಲೂ ಹಾಗೇ ಬರೆಯುತ್ತೇನೆ. ಮಂಜೂರಾತಿ ಪಟ್ಟಿ ಬರುವ ತಿಂಗಳುಗಳಲ್ಲೇ "ನಿಮ್ಮ 25,000 ತಡೆಹಿಡಿದಿದೆ, 1,499 ಕಟ್ಟಿ" ಎನ್ನುವ ಫೋನು ಹೆಚ್ಚು. ಮಕ್ಕಳು ನಂಬುವುದು ಅದಕ್ಕೇ: ಅವರದ್ದು ನಿಜಕ್ಕೂ ಬಾಕಿ ಇರುತ್ತದೆ! ಅಂಥವರಿಗೆ ಖಾತೆಗೆ ಬಂದ ಸರ್ಕಾರಿ ಹಣ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಡುತ್ತೇನೆ. ಹಣ ಬಂತೋ ಇಲ್ಲವೋ ಅಲ್ಲೇ ಕಾಣುವಾಗ ಕರೆ ಮಾಡಿದವನ ಮಾತಿಗೆ ಬೆಲೆ ಇರುವುದಿಲ್ಲ. ದುಡ್ಡು ಬರಿಸಿಕೊಳ್ಳಲು ಯುಪಿಐ ಪಿನ್ ಒತ್ತಬೇಕಿಲ್ಲ. ಸ್ಕಾಲರ್‌ಶಿಪ್ ಹೆಸರಿನ ಎಪಿಕೆ (ಆ್ಯಪ್ ಹಾಕುವ) ಫೈಲ್ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಒತ್ತದೆ ಅಳಿಸಿ.

ಇದಕ್ಕಿಂತ ಅಪಾಯದ್ದು ಇನ್ನೊಂದು. "ಸ್ಕಾಲರ್‌ಶಿಪ್ ಖಾತೆ ನಾವೇ ತೆರೆದುಕೊಡ್ತೀವಿ" ಎಂದು ಬಂದು ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಒಯ್ಯುವವರು. ಆ ಖಾತೆಯಲ್ಲಿ ಕಳ್ಳದುಡ್ಡು ಓಡಾಡುತ್ತದೆ, ಪೊಲೀಸ್ ನೋಟಿಸ್ ಬರುವುದು ವಿದ್ಯಾರ್ಥಿಯ ಹೆಸರಿಗೆ. ಕೊಟ್ಟುಬಿಟ್ಟಿದ್ದರೆ ಅವತ್ತೇ ಬ್ಯಾಂಕಿನಲ್ಲಿ ಖಾತೆ ತಡೆಹಿಡಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.