ಮೀನಿನ ಟ್ಯಾಂಕಿನ ಡ್ರೈನ್ ಪೈಪ್ ಗುಳುಗುಳು ಅನ್ನುತ್ತಿದೆಯಾ?

ಚಾವಡಿಯಲ್ಲಿ ಇಟ್ಟ ಟ್ಯಾಂಕಿನ ಸದ್ದು ಹಗಲಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ರಾತ್ರಿ ಟಿವಿ ಆಫ್ ಆಗಿ, ಹೊರಗೆ ಮಳೆಯೂ ನಿಂತ ಮೇಲೆ ಶುರುವಾಗುತ್ತದೆ ನೋಡಿ, ಯಾರೋ ಪಕ್ಕದಲ್ಲಿ ಕೂತು ಬಾಯಿ ಮುಕ್ಕಳಿಸುತ್ತಿರುವ ಹಾಗೆ. ಮೇಲಿನ ಟ್ಯಾಂಕಿಂದ ಓವರ್‌ಫ್ಲೋ ಬಾಕ್ಸಿಗೆ (ತುಂಬಿದ ನೀರು ಅಂಚು ದಾಟಿ ಬೀಳುವ ಪೆಟ್ಟಿಗೆ), ಅಲ್ಲಿಂದ ಪೈಪಿನಲ್ಲಿ ಕೆಳಗಿನ ಸಂಪ್ ಅನ್ನುವ ಇನ್ನೊಂದು ಟ್ಯಾಂಕಿಗೆ ನೀರು ಇಳಿದು, ಪಂಪಿನಿಂದ ಮತ್ತೆ ಮೇಲೆ ಬರುವ ಟ್ಯಾಂಕ್ ಇದ್ದವರಿಗೆಲ್ಲ ಇದು ಗೊತ್ತಿರುತ್ತದೆ.

ಸದ್ದು ಮಾಡುವುದು ನೀರಲ್ಲ, ನೀರಿನ ಜೊತೆ ಇಳಿಯುವ ಗಾಳಿ. ನೀರು ನಿಧಾನ ಆಗುವುದಕ್ಕೂ ಎಷ್ಟೋ ಸಲ ಅದೇ ಕಾರಣ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಅಡಿಕೆ ತೋಟ ಇರುವವರಿಗೆ ಇದು ಹೊಸತಲ್ಲ. ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ನೀರನ್ನು ಪೈಪಿನಲ್ಲಿ ತೋಟಕ್ಕೆ ಇಳಿಸುವಾಗ ನಡುವೆ ಎಲ್ಲಾದರೂ ಪೈಪ್ ಮೇಲೆದ್ದು ನಿಂತರೆ ಅಲ್ಲಿ ಗಾಳಿ ಹಿಡಿಯುತ್ತದೆ, ನೀರು ಸಣ್ಣಗಾಗುತ್ತದೆ. ಟ್ಯಾಂಕಿನಲ್ಲೂ ಅಷ್ಟೇ. ಒಂದೋ ಗಾಳಿಗೆ ಸರಿಯಾದ ದಾರಿ ಕೊಡಬೇಕು, ಇಲ್ಲವೇ ಒಳಗೇ ಬಿಡಬಾರದು.

ಯಾವುದಕ್ಕೂ ಮೊದಲು ಪಂಪ್ ಆಫ್ ಮಾಡಿ ಕ್ಲೀನ್ ಮಾಡಿ. ಓವರ್‌ಫ್ಲೋ ಬಾಕ್ಸಿನ ಅಂಚಿನಲ್ಲಿ ಬಾಚಣಿಗೆಯ ಹಾಗಿರುವ ಹಲ್ಲುಗಳಲ್ಲಿ ಪಾಚಿ, ಪೈಪಿನ ಬಾಯಲ್ಲಿ ಎಲೆ ಅಥವಾ ಬಸವನಹುಳ ಸಿಕ್ಕಿರಬಹುದು. ಬಾಟಲಿ ತೊಳೆಯುವ ಬ್ರಷ್ ಸಾಕು. ಸೋಪ್ ಮಾತ್ರ ಬೇಡ, ಮೀನಿಗೆ ಅಪಾಯ.

ಆಮೇಲೆ ಪಂಪ್ ಹಾಕಿ, ಸದ್ದು ಎಲ್ಲಿಂದ ಅಂತ ಕಿವಿಗೊಟ್ಟು ಕೇಳಿ. ಬಾಕ್ಸಿನೊಳಗೆ ಅಬ್ಬಿ ಬಿದ್ದ ಹಾಗೆ ಕೇಳಿದರೆ ಅಲ್ಲಿ ನೀರು ತುಂಬಾ ಕೆಳಗಿದೆ ಅಂತ ಅರ್ಥ, ಪೈಪಿನ ಎತ್ತರ ಜಾಸ್ತಿ ಮಾಡಿ. ಸಂಪಿನಲ್ಲಿ ಗುಳ್ಳೆ ಸದ್ದಾದರೆ ಪೈಪಿನ ತುದಿ ನೋಡಿ. ಅದು ನೀರಿನೊಳಗೆ ಸುಮಾರು ಒಂದು ಇಂಚು ಮುಳುಗಿದ್ದರೆ ಸಾಕು. ತುಂಬಾ ಆಳಕ್ಕೆ ಇಳಿಸಿದರೆ ಪೈಪಿನಲ್ಲಿದ್ದ ಗಾಳಿಗೆ ಹೊರಗೆ ಬರಲು ಆಗುವುದಿಲ್ಲ, ನೀರು ಮೇಲೇ ಕಟ್ಟಿಕೊಳ್ಳುತ್ತದೆ. ಅಡ್ಡ ಹೋಗುವ ಪೈಪ್ ಇದ್ದರೆ ಇಳಿಜಾರು ಕೊಡಿ. 90 ಡಿಗ್ರಿ ತಿರುಗುವ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಹಾಕಿದರೆ ನೀರು ಸಲೀಸಾಗಿ ತಿರುಗುತ್ತದೆ.

ಒಂದೇ ಡ್ರೈನ್ ಪೈಪ್ ಇದ್ದವರಿಗೆ ಡರ್ಸೊ ಪೈಪ್ ಒಳ್ಳೆಯದು. ನಿಂತ ಪೈಪಿನ ಮೇಲೆ ಒಂದು ಟೀ (T ಆಕಾರದ ಜಾಯಿಂಟ್), ಅದರ ಪಕ್ಕದ ಬಾಯಿಗೆ ಕೆಳಗೆ ಮುಖ ಮಾಡಿದ ಎಲ್ಬೋ, ತಲೆಗೆ ಎಂಡ್ ಕ್ಯಾಪ್. ಎಲ್ಬೋ ಬಾಯಿ ನೀರಿನೊಳಗೇ ಇರುವುದರಿಂದ ಗಾಳಿ ಎಳೆಯುವ ಸದ್ದು ಕಡಿಮೆ. ಕ್ಯಾಪಿಗೆ ಸಣ್ಣ ತೂತು ಬೇಕೇ ಬೇಕು. ತೂತು ತೀರಾ ಸಣ್ಣದಾದರೆ ಬಾಕ್ಸ್ ತುಂಬುವುದು, ಫ್ಲಶ್ ಮಾಡಿದ ಹಾಗೆ ಒಮ್ಮೆಲೇ ಖಾಲಿಯಾಗುವುದು, ಮತ್ತೆ ತುಂಬುವುದು, ಹೀಗೇ ನಡೆಯುತ್ತದೆ. ಹಾಗಾಗಿ ತೂತಿಗೆ ಏರ್ ಪಂಪಿನ ಸಣ್ಣ ಟ್ಯೂಬ್ ಸಿಕ್ಕಿಸಿ, ಅದರ ತುದಿಗೆ ಗಾಳಿ ಹೆಚ್ಚುಕಡಿಮೆ ಮಾಡುವ ಪುಟ್ಟ ವಾಲ್ವ್ ಹಾಕಿ. ತಿರುಗಿಸುತ್ತಾ ಸದ್ದು ನಿಲ್ಲುವ ಜಾಗ ಹುಡುಕಿ.

ಆದರೆ ಬಾಕ್ಸಿನಲ್ಲಿ ಎರಡು ತೂತು ಇದ್ದರೆ ನನ್ನ ಮಾತು ಕೇಳಿ, ಎರಡನ್ನೂ ಡ್ರೈನ್‌ಗೇ ಬಳಸಿ. ಪಂಪಿನಿಂದ ಮೇಲೆ ಬರುವ ಪೈಪನ್ನು ಟ್ಯಾಂಕಿನ ಹಿಂದಿನ ಅಂಚಿನ ಮೇಲಿಂದ ತನ್ನಿ. ಒಂದು ಡ್ರೈನ್ ಪೈಪಿನಲ್ಲಿ ಪೂರ್ತಿ ನೀರೇ ಹೋಗಬೇಕು, ಗಾಳಿಯೇ ಇರಬಾರದು. ಇದಕ್ಕೆ ಕೆಳಗೆ ಸಂಪಿನ ಹತ್ತಿರ ಗೇಟ್ ವಾಲ್ವ್ ಹಾಕಿ. ಬಾಲ್ ವಾಲ್ವ್ ಬೇಡ, ಅದರಲ್ಲಿ ಕೂದಲೆಳೆಯಷ್ಟು ತಿರುಗಿಸುವುದು ಕಷ್ಟ. ಮೊದಲು ಪೂರ್ತಿ ತೆರೆದಿಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ, ಪ್ರತಿ ಸಲ ತಿರುಗಿಸಿದ ಮೇಲೆ ಕೆಲವು ನಿಮಿಷ ಕಾಯಿರಿ. ಪೈಪಿನ ಬಾಯಿ ಪೂರ್ತಿ ಮುಳುಗಿ, ಅದರ ಮೇಲೆ ನೀರು ಒಂದೇ ಮಟ್ಟದಲ್ಲಿ ನಿಂತಾಗ ಗುಳುಗುಳು ತಟ್ಟನೆ ನಿಲ್ಲುತ್ತದೆ. ನಮ್ಮ ಟ್ಯಾಂಕಿನಲ್ಲಿ ಮೊದಲ ಸಲ ಹಾಗಾದಾಗ ನಾನು ಪಂಪ್ ನಿಂತಿತೇನೋ ಅಂತ ಬಗ್ಗಿ ನೋಡಿದ್ದೆ!

ಎರಡನೆಯ ಪೈಪ್ ಆಪತ್ತಿಗೆ. ಅದರ ಬಾಯಿ ಮೊದಲನೆಯದಕ್ಕಿಂತ ಕೆಲವು ಇಂಚು ಮೇಲಿರಲಿ, ಆದರೆ ಟ್ಯಾಂಕಿನ ಅಂಚಿಗಿಂತ ಕೆಳಗಿರಲಿ. ಅದಕ್ಕೆ ವಾಲ್ವ್ ಹಾಕಲೇಬೇಡಿ. ಮೊದಲನೆಯ ಪೈಪಿಗೆ ಏನಾದರೂ ಸಿಕ್ಕಿಕೊಂಡರೆ ಮನೆಯ ನೆಲ ಉಳಿಸುವುದು ಅದೊಂದೇ. ಅದರಲ್ಲಿ ಇದ್ದಕ್ಕಿದ್ದಂತೆ ನೀರಿನ ಸದ್ದು ಜೋರಾದರೆ ಮುಖ್ಯ ಪೈಪ್ ಕಟ್ಟಿದೆ ಅಂತ ತಿಳಿಯಿರಿ.

ಹೊರಗಿನ ಜಾಯಿಂಟ್‌ಗಳಿಗೆ ಪೈಪ್ ಅಂಟಿಸುವ ಸಾಲ್ವೆಂಟ್ ಹಚ್ಚಿ, ಒಂದು ದಿನ ಒಣಗಲು ಬಿಡಿ. ಬಾಕ್ಸಿನೊಳಗಿನ ತುಂಡುಗಳನ್ನು ಅಂಟಿಸದೆ ಬಿಗಿಯಾಗಿ ಕೂರಿಸಿದರೆ ಮುಂದೆ ಬಿಚ್ಚಿ ತೊಳೆಯಲು ಸುಲಭ.

ಕೊನೆಗೆ ಕರೆಂಟ್ ಪರೀಕ್ಷೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ನೀವೇ ಎದುರಿಗೆ ನಿಂತು ಪಂಪ್ ಆಫ್ ಮಾಡಿ. ಮೇಲಿಂದ ಇಳಿದ ನೀರೆಲ್ಲ ಸಂಪಿನಲ್ಲಿ ಹಿಡಿಯುತ್ತದೆಯಾ ನೋಡಿ. ಪಂಪಿನ ಪೈಪಿನ ಬಾಯಿ ಟ್ಯಾಂಕಿನಲ್ಲಿ ಆಳಕ್ಕಿದ್ದರೆ ಅದೂ ಹಿಂದಕ್ಕೆ ನೀರು ಎಳೆಯುತ್ತದೆ, ಹಾಗಾಗಿ ಅದು ನೀರಿನ ಮೇಲ್ಮಟ್ಟಕ್ಕೆ ಹತ್ತಿರವೇ ಇರಲಿ. ಮತ್ತೆ ಆನ್ ಮಾಡಿ. ಮೊದಲಿಗೆ ಸ್ವಲ್ಪ ಹೊತ್ತು ಎರಡನೆಯ ಪೈಪಿನಲ್ಲೂ ನೀರು ಹೋಗಿ, ಗಾಳಿ ಎಲ್ಲ ಹೊರಬಿದ್ದು, ತಾನಾಗಿ ಮೌನವಾಗಬೇಕು. ಮೂರು ನಾಲ್ಕು ಸಲ ಹೀಗೇ ಮಾಡಿ, ಸರಿಯಾದ ಮೇಲೆ ಸಂಪಿನ ಗಾಜಿನ ಮೇಲೆ, ಪಂಪ್ ಓಡುತ್ತಿರುವಾಗ ಇರುವ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ಟಾಪ್ ಅಪ್ ಮಾಡುವಾಗ ಆ ಗೆರೆ ದಾಟಬೇಡಿ.