ಎಂಟು ತಂಡಗಳ ಫುಟ್‌ಬಾಲ್ ಟೂರ್ನಿ: ವಿಸಿಲ್‌ಗೂ ಮುಂಚಿನ ಕೆಲಸ

ಮೊದಲು ಪಂದ್ಯಗಳ ಲೆಕ್ಕ. ಎಂಟು ತಂಡಗಳು ಎಲ್ಲರ ಮೇಲೂ ಆಡಿದರೆ 28 ಪಂದ್ಯ. ಒಂದೇ ಮೈದಾನ, ದಿನಕ್ಕೆ ನಾಲ್ಕು ಪಂದ್ಯ ಎಂದರೆ ನಾಲ್ಕು ವಾರಾಂತ್ಯ ಬೇಕು. ನಾಲ್ಕು ನಾಲ್ಕರ ಎರಡು ಗುಂಪು ಮಾಡಿದರೆ 12 ಲೀಗ್ ಪಂದ್ಯ, ಎರಡು ಸೆಮಿಫೈನಲ್, ಒಂದು ಫೈನಲ್: ಎರಡೇ ವಾರಾಂತ್ಯ. ಮೊದಲ ಮೂರು ದಿನ ಪ್ರತಿ ತಂಡಕ್ಕೂ ದಿನಕ್ಕೊಂದೇ ಆಟ. ಮೂವತ್ತು ಮೂವತ್ತು ನಿಮಿಷದ ಆಟವಾದರೂ ಒಂದೊಂದು ಪಂದ್ಯಕ್ಕೆ ಒಂದೂವರೆ ಗಂಟೆ ಹಿಡಿಯಿರಿ. ಮಳೆಗಾಲವಾದರೆ ಒಂದು ದಿನ ಖಾಲಿ ಇಟ್ಟುಕೊಳ್ಳಿ.

ಗುಂಪಿನಲ್ಲಿ ಅಂಕ ಸಮವಾದರೆ ಯಾರು ಮುಂದೆ ಎಂಬುದನ್ನು ಡ್ರಾ ಎತ್ತುವ ಮೊದಲೇ ಬರೆದು ಎಲ್ಲ ಮ್ಯಾನೇಜರ್‌ಗಳ ಸಹಿ ಹಾಕಿಸಿ. ಗೋಲು ವ್ಯತ್ಯಾಸಕ್ಕಿಂತ (ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದ ಲೆಕ್ಕ) ಮೊದಲು ಆ ಎರಡು ತಂಡಗಳ ನಡುವಿನ ಫಲಿತಾಂಶ ನೋಡುವುದು ಲೇಸು. ಒಂದೇ ಮೈದಾನವಿದ್ದಾಗ ಕೊನೆಗೆ ಆಡುವ ತಂಡಕ್ಕೆ ಎಷ್ಟು ಗೋಲು ಬೇಕೆಂಬುದು ಗೊತ್ತಿರುತ್ತದೆ, ಸೋತು ಸುಣ್ಣವಾದ ಎದುರಾಳಿ ಬಿಟ್ಟುಕೊಡಲೂಬಹುದು. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ 1-0 ಮುಂದಾದ ಮೇಲೆ, ಅಷ್ಟಕ್ಕೇ ಮುಗಿದರೆ ಇಬ್ಬರೂ ಮುಂದಿನ ಸುತ್ತಿಗೆ ಎಂದು ಗೊತ್ತಿದ್ದರಿಂದ ಆಸ್ಟ್ರಿಯಾವೂ ಸುಮ್ಮನೆ ಚೆಂಡು ತಳ್ಳುತ್ತ ಕಾಲ ಕಳೆದು, ಹಿಂದಿನ ದಿನವೇ ಆಡಿ ಮುಗಿಸಿದ್ದ ಅಲ್ಜೀರಿಯಾ ಹೊರಬಿದ್ದದ್ದು ಇಂಥ ವೇಳಾಪಟ್ಟಿಯಿಂದಲೇ.

ಜಿಲ್ಲಾ ಲೀಗ್‌ನ ನೋಂದಾಯಿತ ಆಟಗಾರರು ಬರುವುದಿದ್ದರೆ ಜಿಲ್ಲಾ ಫುಟ್‌ಬಾಲ್ ಸಂಸ್ಥೆಗೆ ಮುಂಚಿತವಾಗಿ ಪತ್ರ ಕೊಡಿ. ರೆಫರಿಗಳನ್ನೂ ಅಲ್ಲೇ ಕೇಳಿಬಿಡಿ. ವಯೋಮಿತಿಯ ಟೂರ್ನಿಯಾದರೆ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನದ ಜೊತೆ ನೋಂದಣಿಯ ದಿನವನ್ನೂ ನೋಡಿ. ಹುಡುಗನಿಗೆ ಹತ್ತು ವರ್ಷವಾದ ಮೇಲೆ ನೋಂದಣಿಯಾಗಿದ್ದರೆ ಶಾಲೆಯ ದಾಖಲೆಯನ್ನೂ ಕೇಳಿ.

ಅಂಕಣಕ್ಕೆ ಹಿಂದಿನ ಸಂಜೆಯೇ ಗೆರೆ ಹಾಕಿ. ಮೂಲೆಯಲ್ಲಿ ಗೂಟ ನೆಟ್ಟು ಒಂದು ಕಡೆ 6 ಮೀಟರ್, ಇನ್ನೊಂದು ಕಡೆ 8 ಮೀಟರ್ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 10 ಮೀಟರ್ ಬಂದರೆ ಮೂಲೆ ನೇರ. 100 ಮತ್ತು 60 ಮೀಟರ್‌ನ ಅಂಕಣಕ್ಕೆ ಕರ್ಣ 116.62 ಮೀಟರ್, ಎರಡೂ ಕರ್ಣ ಅಳೆಯಿರಿ. ಪೆನಾಲ್ಟಿ ಪ್ರದೇಶದ 16.5 ಮೀಟರ್ ಅಳೆಯುವುದು ಗೋಲುಕಂಬದ ಒಳಅಂಚಿನಿಂದ. ಗೋಲಿನ ನಡುವಿನಿಂದ ಅಳೆದು 40.32 ಮೀಟರ್ ಇರಬೇಕಾದ ಅಗಲವನ್ನು 33ಕ್ಕೆ ಇಳಿಸುವ ತಪ್ಪು ತೀರಾ ಸಾಮಾನ್ಯ. ಗೆರೆಗೆ ಚಾಕ್ ಪುಡಿ ಬಳಸಿ. ಸುಣ್ಣ ಅಗ್ಗ, ನಿಜ. ಆದರೆ ಒದ್ದೆಯಾದರೆ ಕಣ್ಣು, ಚರ್ಮ ಸುಡುತ್ತದೆ. ಎತ್ತಿಡುವ ಗೋಲುಕಂಬಗಳಾದರೆ ಹಿಂದಿನ ಅಡ್ಡಪಟ್ಟಿಗೆ ಮರಳಿನ ಮೂಟೆ ಕಟ್ಟದೆ ಆಟ ಶುರುಮಾಡಬೇಡಿ. ಮಕ್ಕಳು ಅಡ್ಡಕಂಬಕ್ಕೆ ಜೋತುಬೀಳುತ್ತಾರೆ, ಕಂಬ ಮಗುಚಿ ಜೀವ ಹೋದದ್ದುಂಟು.

ತಂಡದ ಪಟ್ಟಿ ಪಂದ್ಯಕ್ಕೆ ಅರ್ಧ ಗಂಟೆ ಮೊದಲು ನಿಮ್ಮ ಕೈ ಸೇರಬೇಕು. ಏಳು ಜನರಿಲ್ಲದೆ ಆಟ ಶುರುವಾಗದು. ತಡವಾದ ತಂಡಕ್ಕೆ ಎಷ್ಟು ನಿಮಿಷ ಕಾಯುವುದೆಂದು ನಿಯಮದಲ್ಲೇ ಬರೆದಿರಲಿ. ಎರಡೂ ತಂಡ ಒಂದೇ ಬಣ್ಣ ತೊಟ್ಟು ಬಂದರೆ ಕೊಡಲು ಒಂದು ಸೆಟ್ ಬಿಬ್ (ಜರ್ಸಿಯ ಮೇಲೆ ತೊಡುವ ತೋಳಿಲ್ಲದ ಅಂಗಿ), ಮೂರು ಚೆಂಡು, ಪಂಪು, ಸೂಜಿ, ಐಸ್, ಆಸ್ಪತ್ರೆಗೆ ಹೋಗಲು ಒಂದು ಗಾಡಿ ಸಿದ್ಧವಿರಲಿ.

ಹೆಚ್ಚಿನ ಜಗಳ ಹುಟ್ಟುವುದು ಕಾರ್ಡಿನ ಲೆಕ್ಕದಿಂದ. ರೆಫರಿ ಹೊರಡುವ ಮೊದಲೇ ಹಳದಿ, ಕೆಂಪು ಕಾರ್ಡುಗಳನ್ನು ಒಂದೇ ಪುಸ್ತಕದಲ್ಲಿ ಬರೆದು ಅವರ ಸಹಿ ಪಡೆಯಿರಿ. ಬರೀ ಜರ್ಸಿ ಸಂಖ್ಯೆ ಸಾಲದು, ಮರುದಿನ ಜರ್ಸಿ ಬದಲಾಗಿರುತ್ತದೆ, ಹೆಸರು ಇರಲಿ. ಮುಂದಿನ ಪಂದ್ಯದ ಪಟ್ಟಿ ಬಂದೊಡನೆ ಈ ಪುಸ್ತಕ ತೆರೆದು ತಾಳೆ ನೋಡಿ, ಅಮಾನತಾದವನ ಹೆಸರಿದ್ದರೆ ಆಗಲೇ ಮ್ಯಾನೇಜರ್‌ಗೆ ಹೇಳಿ ತೆಗೆಸಿ. ಆಟ ಮುಗಿದ ಮೇಲೆ ಅದು ಗೊತ್ತಾದರೆ ಎದುರು ತಂಡದ ದೂರು ನಿಮ್ಮ ಮೇಜಿಗೇ ಬರುತ್ತದೆ.