ಒತ್ತಡ, ಮಿದುಳು ಮತ್ತು ಮೈಕ್ರೋ ಆರ್‌ಎನ್‌ಎ: ಸಂಶೋಧನಾ ಪ್ರಬಂಧವನ್ನು ಓದುವ ಕ್ರಮ

ಒತ್ತಡಕ್ಕೊಳಗಾದ ಇಲಿಯ ಮಿದುಳಿನಲ್ಲಿ ಯಾವುದೋ ಒಂದು ಮೈಕ್ರೋ ಆರ್‌ಎನ್‌ಎಯ ಪ್ರಮಾಣ ಏರಿತು ಎಂದು ಓದಿದೊಡನೆ, ಒತ್ತಡದ ದುಷ್ಪರಿಣಾಮಗಳಿಗೆ ಅದೇ ಕಾರಣವೆಂದು ತೀರ್ಮಾನಿಸಲು ಮನಸ್ಸು ಹಾತೊರೆಯುತ್ತದೆ. ಆದರೆ ಆ ಏರಿಕೆ ಕಾರಣವಾಗಿರಬಹುದು, ಕೇವಲ ಪರಿಣಾಮವಾಗಿರಬಹುದು, ಅಥವಾ ಹಾನಿಯನ್ನು ತಡೆಯಲು ಮಿದುಳೇ ಹೂಡಿದ ರಕ್ಷಣೆಯೂ ಆಗಿರಬಹುದು. ಪ್ರಬಂಧವೊಂದು ಇವುಗಳಲ್ಲಿ ಯಾವುದನ್ನು ನಿಜವಾಗಿ ಸಾಧಿಸಿ ತೋರಿಸಿದೆ ಎಂಬುದನ್ನು ಗುರುತಿಸುವುದೇ ಓದುಗನ ಮುಖ್ಯ ಕೆಲಸ.

ಮೊದಲು ಮೂಲಭೂತ ಸಂಗತಿಗಳನ್ನು ಸ್ಪಷ್ಟಪಡಿಸಿಕೊಳ್ಳಿ. ಮೈಕ್ರೋ ಆರ್‌ಎನ್‌ಎ ಎಂದರೆ ಸುಮಾರು 22 ನ್ಯೂಕ್ಲಿಯೋಟೈಡ್‌ಗಳ, ಅಂದರೆ ಆರ್‌ಎನ್‌ಎ ಸರಪಳಿಯ ಕೊಂಡಿಗಳ, ಒಂದು ತುಣುಕು. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ತಂಡಗಳು ಪುಟ್ಟ ಹುಳುವೊಂದರಲ್ಲಿ ಇದನ್ನು ಕಂಡು 1993ರಲ್ಲಿ ಪ್ರಕಟಿಸಿದವು. 2024ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಈ ತುಣುಕು ಆರ್ಗೊನಾಟ್ ಎಂಬ ಪ್ರೋಟೀನಿನ ಜೊತೆಗೂಡಿ, ತನ್ನ 2ರಿಂದ 8ನೆಯವರೆಗಿನ ನ್ಯೂಕ್ಲಿಯೋಟೈಡ್‌ಗಳಿಗೆ, ಅಂದರೆ 'ಬೀಜ' ಭಾಗಕ್ಕೆ, ಹೊಂದುವ ಸಂದೇಶವಾಹಕ ಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಕೆಗೆ ಜೀನಿನ ಸೂಚನೆಯನ್ನು ಒಯ್ಯುವ ಪ್ರತಿಯನ್ನು) ಹಿಡಿದು, ಅದರಿಂದ ಪ್ರೋಟೀನ್ ತಯಾರಾಗುವುದನ್ನು ತಗ್ಗಿಸುತ್ತದೆ. ಬೀಜವು ಇಷ್ಟು ಚಿಕ್ಕದಾಗಿರುವುದರಿಂದ ಒಂದೇ ಮೈಕ್ರೋ ಆರ್‌ಎನ್‌ಎಗೆ ನೂರಾರು ಗುರಿಗಳು ಸಾಧ್ಯ. ಆದ್ದರಿಂದ ಕಂಪ್ಯೂಟರ್ ಮುನ್ಸೂಚಿಸಿದ ಗುರಿಗಳ ಪಟ್ಟಿಯನ್ನು ಪುರಾವೆಯೆಂದು ಎಣಿಸಬೇಡಿ.

ನಂತರ, ಅಳತೆ ಮಾಡಿದ್ದು ಮಿದುಳಿನ ಯಾವ ಭಾಗದಲ್ಲಿ ಎಂದು ನೋಡಿ. ಒತ್ತಡ ಎದುರಾದಾಗ ಮಿದುಳಿನ ಹೈಪೋಥಲಾಮಸ್ ಭಾಗವು ಸಿಆರ್‌ಎಫ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿ ಪಿಟ್ಯುಟರಿಯ ಮೂಲಕ ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುತ್ತದೆ. ಅಲ್ಲಿಂದ ಹೊರಟ ಒತ್ತಡದ ಹಾರ್ಮೋನು ಕಾರ್ಟಿಸೋಲ್, ಇಲಿಗಳಲ್ಲಾದರೆ ಕಾರ್ಟಿಕೋಸ್ಟೆರೋನ್, ಮಿದುಳಿನ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕಗಳಿಗೆ (ಈ ಹಾರ್ಮೋನನ್ನು ಗುರುತಿಸುವ ಪ್ರೋಟೀನುಗಳಿಗೆ) ಅಂಟಿ ಇಡೀ ಪ್ರಕ್ರಿಯೆಗೆ ಕಡಿವಾಣ ಹಾಕುತ್ತದೆ. ನರಕೋಶಗಳಲ್ಲಿ ಹೇರಳವಾಗಿರುವ ಮಿರ್-124 ಎಂಬ ಮೈಕ್ರೋ ಆರ್‌ಎನ್‌ಎ ಈ ಗ್ರಾಹಕದ ಪ್ರಮಾಣವನ್ನು ತಗ್ಗಿಸಬಲ್ಲದೆಂದು ಕೋಶಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಭಯ ಮತ್ತು ಆತಂಕಗಳೊಡನೆ ನಂಟುಳ್ಳ ಅಮಿಗ್ಡಲಾದಲ್ಲಿ ಸಿಆರ್‌ಎಫ್ ಬೇರೆಯೇ ಪಾತ್ರ ವಹಿಸುತ್ತದೆ. ಹೀಗಾಗಿ ಇಡೀ ಮಿದುಳನ್ನು ಅರೆದು ಪಡೆದ ಒಂದು ಸರಾಸರಿ ಸಂಖ್ಯೆಗೆ ನಾನಂತೂ ಹೆಚ್ಚು ಬೆಲೆ ಕೊಡುವುದಿಲ್ಲ.

ಒತ್ತಡದ ಬಗೆಯನ್ನೂ ಕಾಲವನ್ನೂ ಗಮನಿಸಿ: ಅರ್ಧ ಗಂಟೆ ಕಟ್ಟಿಹಾಕಿದ ಇಲಿ ಮತ್ತು ಹಲವು ದಿನ ಬಲಿಷ್ಠ ಇಲಿಯಿಂದ ಸೋಲುಂಡ ಇಲಿ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಒತ್ತಡದ ಹಾರ್ಮೋನು ದಿನದ ಲಯಕ್ಕೆ ತಕ್ಕಂತೆ ಏರಿಳಿಯುವುದರಿಂದ ಮಾದರಿ ತೆಗೆದ ಹೊತ್ತೂ ಮುಖ್ಯ.

ಇಷ್ಟಾದ ಮೇಲೆ, ಅತ್ಯಂತ ನಿಧಾನವಾಗಿ ಓದಬೇಕಾದ ಭಾಗಕ್ಕೆ ಬನ್ನಿ: ಸಂಶೋಧಕರು ಆ ಮೈಕ್ರೋ ಆರ್‌ಎನ್‌ಎಯನ್ನು ತಾವೇ ಹೆಚ್ಚಿಸಿ ಅಥವಾ ತಡೆದು ನೋಡಿದ್ದಾರೆಯೇ? 2011ರಲ್ಲಿ ಪ್ರಕಟವಾದ ಮಿರ್-34ಸಿ ಅಧ್ಯಯನ ಇದಕ್ಕೆ ಒಳ್ಳೆಯ ಮಾದರಿ. ಒತ್ತಡದ ನಂತರ ಇಲಿಗಳ ಅಮಿಗ್ಡಲಾದ ಕೇಂದ್ರಭಾಗದಲ್ಲಿ ಅದು ಏರಿತ್ತು. ಅಷ್ಟಕ್ಕೇ ನಿಂತಿದ್ದರೆ ಅದನ್ನು ಆತಂಕದ ಮೂಲವೆಂದು ತಪ್ಪಾಗಿ ಭಾವಿಸಬಹುದಿತ್ತು. ಆದರೆ ವೈರಸ್ ವಾಹಕದ ಮೂಲಕ ಅದನ್ನು ಅಲ್ಲಿಯೇ ಇನ್ನಷ್ಟು ಹೆಚ್ಚಿಸಿದಾಗ, ಒತ್ತಡದ ಬಳಿಕ ಇಲಿಗಳ ಆತಂಕದ ವರ್ತನೆ ಕಡಿಮೆಯಾಯಿತು. ಸಿಆರ್‌ಎಫ್‌ನ ಒಂದನೇ ಬಗೆಯ ಗ್ರಾಹಕ ಅದರ ಗುರಿಗಳಲ್ಲೊಂದೆಂದೂ ತಿಳಿಯಿತು. ಏರಿಕೆಯ ಅರ್ಥವೇ ಇಲ್ಲಿ ತಿರುಗಿಬಿದ್ದುದನ್ನು ಗಮನಿಸಿ. ಗುರಿಯನ್ನು ಸಾಬೀತುಪಡಿಸುವಲ್ಲಿ ಲೂಸಿಫರೇಸ್ ಪರೀಕ್ಷೆ (ಮೈಕ್ರೋ ಆರ್‌ಎನ್‌ಎ ಗುರಿಯನ್ನು ತಗ್ಗಿಸುತ್ತದೆಯೇ ಎಂದು ಕೋಶದಲ್ಲಿ ಹೊಮ್ಮುವ ಬೆಳಕಿನಿಂದ ಅಳೆಯುವ ಪರೀಕ್ಷೆ) ನಡೆದಿದೆಯೇ, ಬೀಜ ಹೊಂದುವ ಜಾಗವನ್ನು ಬದಲಿಸಿದಾಗ ಪರಿಣಾಮ ಅಳಿಸಿಹೋಯಿತೇ, ಮಿದುಳಿನಲ್ಲಿ ಪ್ರೋಟೀನಿನ ಪ್ರಮಾಣವೂ ಬದಲಾಯಿತೇ ಎಂದು ಒಂದೊಂದಾಗಿ ಪರೀಕ್ಷಿಸಿ.

ಮನುಷ್ಯರ ರಕ್ತದಲ್ಲಿ ಅಳೆದ ಫಲಿತಾಂಶವಾದರೆ ಎಚ್ಚರ ಇಮ್ಮಡಿಯಾಗಿರಲಿ. ಮಿರ್-451 ಮತ್ತು ಮಿರ್-16 ಕೆಂಪು ರಕ್ತಕಣಗಳಲ್ಲಿ ತುಂಬಿಕೊಂಡಿವೆ. ಮಾದರಿ ತೆಗೆಯುವಾಗ ಕೆಲವು ಕಣಗಳು ಒಡೆದರೂ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಅವುಗಳ ಪ್ರಮಾಣ ಏರುತ್ತದೆ, ಅದಕ್ಕೂ ಮನಸ್ಸಿನ ಒತ್ತಡಕ್ಕೂ ಸಂಬಂಧವಿಲ್ಲ. ಕಣ ಒಡೆದಿರುವುದನ್ನು ಲೇಖಕರು ಪರೀಕ್ಷಿಸಿದ್ದಾರೆಯೇ, ಹೀಗೆ ಏರಿಳಿಯಬಲ್ಲ ಮಿರ್-16ನ್ನೇ ಹೋಲಿಕೆಯ ಮಾನದಂಡವಾಗಿ ಬಳಸುವ ತಪ್ಪು ಮಾಡಿದ್ದಾರೆಯೇ ಎಂಬುದು ವಿಧಾನಗಳ ವಿಭಾಗದಲ್ಲಿ ಸಿಗಬೇಕು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸುವಾಗ ಆ ಮೈಕ್ರೋ ಆರ್‌ಎನ್‌ಎ ಎರಡೂ ಜೀವಿಗಳಲ್ಲಿ ಇದೆಯೇ ಎಂದೂ ನೋಡಬೇಕು. ಖಿನ್ನತೆಯಿದ್ದವರ ಮಿದುಳಿನಲ್ಲಿ ಕಡಿಮೆಯಿರುವುದಾಗಿ 2014ರಲ್ಲಿ ವರದಿಯಾದ ಮಿರ್-1202 ಪ್ರೈಮೇಟ್‌ಗಳಲ್ಲಿ (ಮನುಷ್ಯ, ಕೋತಿಗಳ ಗುಂಪಿನಲ್ಲಿ) ಮಾತ್ರ ಇರುವುದರಿಂದ, ಅದರ ಸಹಜ ಪಾತ್ರವನ್ನು ಇಲಿಯಲ್ಲಿ ಹುಡುಕಲಾಗದು.